ಹಳ್ಳದ ಜಾಡು ಹಿಡಿದು ಹೋದೆವು

ನಮ್ಮ ಶಾಲೆಯ ಹಿಂದೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು, ಕಲ್ಲು, ಜಾಲಿ ಗಿಡ. ಮಳೆ ಬಂತು ಅಂದರೆ ಊರ ಕೆರೆ ತುಂಬಿಸಿ, ಕೋಡಿ ಬಿದ್ದು, ಮುಂದೆ ಸೂಳೆಕೆರೆ ಸೇರುತ್ತದೆ. ಚನ್ನಗಿರಿ ತಾಲ್ಲೂಕಿನ ಈ ಊರಿಗೆ ವಿಜ್ಞಾನ ಮೇಷ್ಟ್ರಾಗಿ ಬಂದ ಮೊದಲ ವರ್ಷ ನಾನು ಆ ಹಳ್ಳದ ಕಡೆ ತಿರುಗಿಯೂ ನೋಡಿರಲಿಲ್ಲ. ಕೆರೆ ಉಳಿಸಬೇಕು ಅಂತ ಮಾತ್ರ ತುಂಬಾ ಆಸೆ ಇತ್ತು.

ಹಾಗಾಗಿ ಮಾರ್ಚ್ 22ರ ಜಲ ದಿನಕ್ಕೆ ದೊಡ್ಡ ಕಾರ್ಯಕ್ರಮವನ್ನೇ ಮಾಡಿದೆವು. ಶಾಮಿಯಾನ, ಮೈಕು, ಚಿತ್ರ ಬಿಡಿಸುವ ಸ್ಪರ್ಧೆ, ಕೊನೆಗೆ ಎಲ್ಲರೂ ನಿಂತು ಪ್ರತಿಜ್ಞೆ. ಜನ ಮನಸ್ಸಿಟ್ಟು ಕೇಳಿದರು. ಆದರೆ ಅಡಿಕೆ ಸುಗ್ಗಿ ಬಂದಾಗ, ಅಂದು ಮುಂದಿನ ಸಾಲಿನಲ್ಲಿ ಕೂತಿದ್ದವರೊಬ್ಬರ ಟ್ರ್ಯಾಕ್ಟರ್ ಹಳ್ಳದ ದಂಡೆಯಲ್ಲಿ ನಿಂತು ಅಡಿಕೆ ಸಿಪ್ಪೆ ಸುರಿಯುತ್ತಿತ್ತು. ನಾನು ಹತ್ತಿರ ಹೋಗಿ ಕೇಳಿದೆ. ಅವರಿಗೆ ನಿಜಕ್ಕೂ ಆಶ್ಚರ್ಯ ಆಯಿತು. 'ಕೆರೆಗೆ ಹಾಕಿಲ್ವಲ್ಲ ಮೇಷ್ಟ್ರೇ, ಇದು ಹಳ್ಳ' ಅಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತಪ್ಪು ಅವರದ್ದಲ್ಲ. ಕೆರೆ ಅಂದರೆ ಏರಿ ಮತ್ತು ನೀರು, ಅಷ್ಟೇ ಅಂತ ನಾವೇ ಹೇಳಿಕೊಟ್ಟಿದ್ದೆವು. ಸೂಳೆಕೆರೆಯನ್ನೇ ನೋಡಿ. ಎರಡು ಗುಡ್ಡಗಳ ನಡುವೆ ಸಣ್ಣ ಏರಿ. ಕೆರೆಯ ಸುತ್ತಳತೆ ಸುಮಾರು 30 ಕಿಲೋಮೀಟರ್. ಆದರೆ ಅದಕ್ಕೆ ನೀರು ಕೊಡುವ ನೆಲ 300 ಚದರ ಕಿಲೋಮೀಟರಿಗೂ ಜಾಸ್ತಿ. ಅಷ್ಟೂ ನೆಲದ ಹೊಲ, ತೋಟ, ಗುಡ್ಡ, ಚರಂಡಿ ಎಲ್ಲದರ ನೀರು ಅಲ್ಲಿಗೇ ಹೋಗಬೇಕು. ಚಿತ್ರದುರ್ಗದ ಜನ ಆ ನೀರನ್ನು ಕುಡಿಯುತ್ತಾರೆ. ದುರ್ಗದಲ್ಲಿರುವ ನನ್ನ ತಂಗಿ ಮನೆಯ ನಲ್ಲಿಗೂ ನಮ್ಮೂರ ಹಳ್ಳಕ್ಕೂ ಸಂಬಂಧ ಇದೆ ಅಂತ ನನಗೇ ಹೊಳೆದಿರಲಿಲ್ಲ.

ಮುಂದಿನ ವರ್ಷ ಶಾಮಿಯಾನ ಹಾಕಿಸಲಿಲ್ಲ. ಜೂನ್‌ನಲ್ಲಿ ಒಂದು ಜೋರು ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ, ಒಂಬತ್ತನೇ ಕ್ಲಾಸಿನ ಮಕ್ಕಳು, ಐದಾರು ಜನ ತಾಯಂದಿರು, ಹಿಂದೆ ಗದ್ದೆಗಳಿಗೆ ಕೆರೆ ನೀರು ಬಿಡುವ ನೀರಗಂಟಿಯಾಗಿದ್ದ ಒಬ್ಬ ಅಜ್ಜ, ಎಲ್ಲ ಸೇರಿ ಕೋಡಿಯಿಂದ ಹೊರಟು ಹಳ್ಳದ ಜಾಡು ಹಿಡಿದು ಮೇಲಕ್ಕೆ ನಡೆದೆವು. ಮಕ್ಕಳ ಕೈಯಲ್ಲಿ ಒಂದೊಂದು ಖಾಲಿ ನೀರಿನ ಬಾಟಲಿ. ಕವಲು ಸಿಕ್ಕಲ್ಲೆಲ್ಲ ನಿಂತು ನೀರು ತುಂಬಿಸಿ, ಜಾಗದ ಗುರುತು ಬರೆದು ಅಂಟಿಸಿದರು. ನನ್ನ ಪ್ರಶ್ನೆ ಒಂದೇ: ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ಹೊರಡುವ ಮೊದಲೇ ಒಂದು ಮಾತು ಆಗಿತ್ತು. ದಾರಿಯಲ್ಲಿ ಯಾರ ಹೊಲ, ಯಾರ ತೋಟ ಅಂತ ಹೆಸರು ಎತ್ತಬಾರದು. ಈ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದು. ನಾಲ್ಕು ಜನರ ಮುಂದೆ ನೀವು ಬೆರಳು ತೋರಿಸಿದವರು ಮತ್ತೆ ನಿಮ್ಮ ಜೊತೆ ಬರುವುದಿಲ್ಲ. ಅವರ ಮಕ್ಕಳನ್ನೂ ಕಳಿಸುವುದಿಲ್ಲ.

ಅಜ್ಜ ಇಲ್ಲದಿದ್ದರೆ ಅರ್ಧ ಪಾಠ ತಪ್ಪಿಹೋಗುತ್ತಿತ್ತು. ತೂಬು ಯಾವಾಗ ಎತ್ತುತ್ತಿದ್ದರು, ಕೊನೆ ಗದ್ದೆಗೆ ನೀರು ಮುಟ್ಟದೆ ಮೇಲಿನ ಗದ್ದೆಗೆ ಯಾಕೆ ಎರಡನೇ ಸಲ ಬಿಡುತ್ತಿರಲಿಲ್ಲ, ಎಲ್ಲ ಹೇಳುತ್ತಾ ನಡೆದರು. ಒಂದು ಕಡೆ ನಿಂತು ಜಾಲಿ ಪೊದೆಯೊಳಗೆ ಕೋಲು ಚುಚ್ಚಿದರು. ಕೆಳಗೆ ಕಲ್ಲು ಕಟ್ಟಿದ ಹಳೇ ಕಾಲುವೆ! ಗುಡ್ಡದ ನೀರು ಅದರಲ್ಲೇ ಕೆರೆಗೆ ಬರುತ್ತಿತ್ತಂತೆ. ಈಗ ಹೂಳು ತುಂಬಿ ಮುಚ್ಚಿಹೋಗಿದೆ.

ಬಾಟಲಿಗಳನ್ನು ತಂದು ಶಾಲೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು, ಅಲುಗಾಡಿಸದೆ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಒಂದೊಂದು ಬಾಟಲಿಯೂ ಒಂದೊಂದು ಥರ. ಹುಲ್ಲು, ಕುರುಚಲು ಗಿಡ ಇರುವ ಗುಡ್ಡದ ಕೆಳಗಿನ ನೀರಿನಲ್ಲಿ ತಳಕ್ಕೆ ಕೂತ ಮಣ್ಣು ಉಗುರಿನಷ್ಟು. ಬದು ಇಲ್ಲದೆ ಇಳಿಜಾರಿಗೇ ಉಳುಮೆ ಮಾಡಿದ ಹೊಲದ ಕೆಳಗಿನ ಬಾಟಲಿಯಲ್ಲಿ ಎರಡು ಬೆರಳು ದಪ್ಪ ಕೆಂಪು ಮಣ್ಣು. ಸಿಪ್ಪೆ ರಾಶಿಯ ಪಕ್ಕ ತುಂಬಿಸಿದ್ದರಲ್ಲಿ ಮಣ್ಣೇ ಇಲ್ಲ, ಆದರೆ ನೀರು ಚಹಾ ಡಿಕಾಕ್ಷನ್ ಹಾಗೆ ಕಪ್ಪಗೆ, ಮುಚ್ಚಳ ತೆಗೆದರೆ ವಾಸನೆ. ಸಿಪ್ಪೆ ನೀರಿನಲ್ಲಿ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ, ಅದಕ್ಕೇ ಮೀನಿಗೆ ಉಸಿರು ಕಟ್ಟುತ್ತದೆ ಅಂತ ಹೇಳಿದೆ. ಆ ದಿನ ನಾನು ಹೇಳಿದ್ದು ಅಷ್ಟೇ. ಒಬ್ಬ ತಾಯಿ ಕೆಂಪು ಮಣ್ಣಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. 'ಇದು ನಮ್ಮ ಹೊಲದ ಮಣ್ಣು ಅಲ್ವಾ ಸಾರ್' ಅಂದರು. ಹೋದ ವರ್ಷ ದುಡ್ಡು ಕೊಟ್ಟು ಗೊಬ್ಬರ ಹಾಕಿಸಿದ ಮಣ್ಣು ಅದು. ಮುಂದಿನ ಬೇಸಿಗೆಯಲ್ಲಿ ಅವರ ಹೊಲಕ್ಕೆ ಬದು ಬಿತ್ತು.

ಗಂಡಸರನ್ನು ಸೇರಿಸಿದ್ದು ಟ್ಯಾಂಕರ್ ಲೆಕ್ಕ. ತೋಟ ಒಣಗಿದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ಕೈ ಸುಟ್ಟುಕೊಂಡವರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ. ದೇವಸ್ಥಾನದ ಕಟ್ಟೆಯಲ್ಲಿ ಕೂತು ಲೆಕ್ಕ ಹಾಕಿದೆವು. ಒಂದು ಎಕರೆಯಲ್ಲಿ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್. ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್, ಒಂದೇ ಹದ ಮಳೆಗೆ! ಅದನ್ನು ನಿಲ್ಲಿಸಿ ಇಂಗಿಸಿದರೆ ಬೋರ್‌ವೆಲ್‌ಗೂ ಒಳ್ಳೆಯದು, ಹೂಳು ಕೆರೆಗೆ ಹೋಗುವುದೂ ಕಮ್ಮಿ. ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ಲೆಕ್ಕವನ್ನು ಯಾರೂ ಒರೆಸಲಿಲ್ಲ, ಮಳೆಯೇ ಅಳಿಸಿತು.

ಸಿಪ್ಪೆಯದು ಸುಲಭ ಇರಲಿಲ್ಲ. 'ಹಾಕಬೇಡಿ' ಅಂದರೆ 'ಮತ್ತೆ ಎಲ್ಲಿ ಹಾಕೋಣ' ಅನ್ನುತ್ತಾರೆ, ನ್ಯಾಯವಾದ ಪ್ರಶ್ನೆ. ಅದರ ನಾರು ಗಟ್ಟಿ, ಬೇಗ ಕೊಳೆಯುವುದಿಲ್ಲ. ಸ್ತ್ರೀಶಕ್ತಿ ಸಂಘದವರು ಶಾಲೆಯ ಹಿಂದೆ ಒಂದು ಗುಂಡಿ ಮಾಡಿ, ಸಿಪ್ಪೆ ಒಂದು ಪದರ, ಹಸಿ ಸೊಪ್ಪು ಒಂದು ಪದರ ಹಾಕಿ, ಸಗಣಿ ಬಗ್ಗಡ ಹೊಯ್ದು, ತೇವ ಆರದಂತೆ ನೋಡಿಕೊಂಡರು. ಮೊದಲ ಸಲ ತೇವ ಸಾಲದೆ ಹಾಗೇ ಉಳಿಯಿತು. ಎರಡನೇ ಸಲ ಮಳೆಗಾಲ ಪೂರ್ತಿ ಬಿಟ್ಟ ಮೇಲೆ ಕಪ್ಪು ಗೊಬ್ಬರ ಆಯಿತು. ಅಂದು ಹಳ್ಳದ ದಂಡೆಯಲ್ಲಿ ನನ್ನ ಜೊತೆ ಮಾತಾಡಿದ್ದವರೇ ಬಂದು ಒಂದು ಹಿಡಿ ತೆಗೆದು ಮೂಸಿ ನೋಡಿದರು. ಈಗ ಅವರ ತೋಟದಲ್ಲೇ ಗುಂಡಿ ಇದೆ.

ಮಕ್ಕಳ ಕೈಯಲ್ಲಿ ಇನ್ನೊಂದು ಕೆಲಸ ಇದೆ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳಿ ಬಣ್ಣ ಬಳಿದು, ಗುರುತು ಹಾಕಿದ ಹಗ್ಗ ಕಟ್ಟಿ ತೂಬಿನ ಹತ್ತಿರ ನೀರಿಗೆ ಬಿಡುತ್ತಾರೆ. ಎಷ್ಟು ಆಳಕ್ಕೆ ಕಣ್ಣಿಗೆ ಮರೆಯಾಗುತ್ತದೆ ಅಂತ ಬರೆದಿಡುತ್ತಾರೆ. ಬೇಗ ಮರೆಯಾದರೆ ನೀರು ಕದಡಿದೆ ಅಂತ ಅರ್ಥ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ತೋರಿಸಿಕೊಟ್ಟ ಉಪಾಯ ಇದು. ನಮ್ಮ ಮಕ್ಕಳು ಬರೀ 'ತಟ್ಟೆ' ಅನ್ನುತ್ತಾರೆ. ತಿಂಗಳಿಗೆ ಎರಡು ಸಲ, ದೊಡ್ಡವರು ಜೊತೆಗಿದ್ದಾಗ ಮಾತ್ರ. ಆ ಪುಸ್ತಕವನ್ನೇ ಗ್ರಾಮಸಭೆಗೆ ಒಯ್ದು ಓದಿದರು. ಹಳೇ ಕಾಲುವೆಯ ಹೂಳು ತೆಗೆಯುವ ಕೆಲಸ ನರೇಗಾದಲ್ಲಿ ಸೇರಿದ್ದು ಆ ಸಭೆಯಲ್ಲೇ.

ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯಲು ಹೊರಗಿನಿಂದ ಬರುವ ಖೇಣಿದಾರರು ರಾತ್ರಿ ಹೊತ್ತು ಸಿಪ್ಪೆ ಸುರಿದು ಹೋಗುವುದು ಇನ್ನೂ ನಿಂತಿಲ್ಲ. ಅವರು ಸುಲಿಸುವುದು ಮೇಲಿನ ಊರಿನಲ್ಲಿ. ಈ ಜೂನ್‌ನಲ್ಲಿ ನಡಿಗೆಯನ್ನು ಅಲ್ಲಿಂದಲೇ ಶುರು ಮಾಡುತ್ತೇವೆ. ಆ ಊರಿನ ಶಾಲೆಗೆ ನಮ್ಮ ಮಕ್ಕಳು ಹೋಗಿ ಬಾಟಲಿ ಕೊಟ್ಟು ಬಂದಿದ್ದಾರೆ. ಅಜ್ಜನಿಗೆ ಈಗ ಅಷ್ಟು ದೂರ ನಡೆಯಲು ಆಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬರುತ್ತೇನೆ ಅಂತ ಒಬ್ಬರು ಒಪ್ಪಿದ್ದಾರೆ. ಯಾವ ಟ್ರ್ಯಾಕ್ಟರ್ ಅಂತ ಬೇರೆ ಹೇಳಬೇಕಿಲ್ಲ.