ಸೋರ್ಸ್ (ಮಾಹಿತಿ ಕೊಟ್ಟವರು) ಸಿಕ್ಕಿಬೀಳದಂತೆ ಕಡತದ ಸುದ್ದಿ ಮಾಡುವ ಬಗೆ

ಸರ್ಕಾರಿ ಕಡತವೊಂದು ಸೋರಿದರೆ ತನಿಖೆಯವರು ಮೊದಲು ಒಂದು ಪಟ್ಟಿ ಮಾಡುತ್ತಾರೆ: ಯಾರ ಮೇಜಿಗೆ ಹೋಗಿತ್ತು, ಯಾರು ತೆರೆದರು, ಯಾರು ಪ್ರಿಂಟ್ ತೆಗೆದರು. 2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯೊಂದರ ಗುತ್ತಿಗೆ ನೌಕರಳಾಗಿದ್ದ ರಿಯಾಲಿಟಿ ವಿನ್ನರ್ ಎಂಬಾಕೆ ಸಿಕ್ಕಿಬಿದ್ದದ್ದು ಹೀಗೇ. ಆಕೆ ಕಳಿಸಿದ ದಾಖಲೆ ಅಸಲಿಯೇ ಎಂದು ಕೇಳಲು ದಿ ಇಂಟರ್‌ಸೆಪ್ಟ್ ಎಂಬ ಸುದ್ದಿಸಂಸ್ಥೆ ಅದರ ಪ್ರತಿಯನ್ನೇ ಸರ್ಕಾರಕ್ಕೆ ತೋರಿಸಿತು. ಹಾಳೆಯಲ್ಲಿ ಮಡಿಕೆಯ ಗುರುತಿತ್ತು, ಅಂದರೆ ಯಾರೋ ಪ್ರಿಂಟ್ ತೆಗೆದು ಒಯ್ದಿದ್ದಾರೆ. ಪ್ರಿಂಟ್ ತೆಗೆದವರು ಆರೇ ಜನ. ಅವರಲ್ಲಿ ಕಚೇರಿ ಕಂಪ್ಯೂಟರಿನಿಂದ ಆ ಸುದ್ದಿಸಂಸ್ಥೆಗೆ ಇಮೇಲ್ ಮಾಡಿದ್ದವರು ಒಬ್ಬರೇ, ಅದೂ ಯಾವುದೋ ಪಾಡ್‌ಕಾಸ್ಟ್ ವಿಚಾರಕ್ಕೆ. ಶಿಕ್ಷೆ 63 ತಿಂಗಳು.

ಹಾಗಾಗಿ ಕೈಗೆ ಬಂದ ಹಾಳೆಯನ್ನು ಸ್ಕ್ಯಾನ್ ಮಾಡಿ ಹಾಕಬೇಡಿ, ಮತ್ತೆ ಟೈಪ್ ಮಾಡಿ. ಅನೇಕ ಕಲರ್ ಲೇಸರ್ ಪ್ರಿಂಟರುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳಲ್ಲಿ ಯಂತ್ರದ ಸೀರಿಯಲ್ ನಂಬರ್, ದಿನಾಂಕ, ವೇಳೆಯನ್ನು ಅಚ್ಚು ಹಾಕುತ್ತವೆ. ನೀಲಿ ಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಕಾಣುತ್ತವೆ. ನಮ್ಮ ಕಚೇರಿಗಳ ಹಾಳೆಯಲ್ಲಿ ಇನ್ನೂ ಸುಲಭದ ಸುಳಿವುಗಳಿವೆ: ಆವಕ ಮೊಹರು, ಪ್ರತಿ ಸಂಖ್ಯೆ, ಅಂಚಿನ ಕಿರುಸಹಿ, ಟಿಪ್ಪಣಿಯ ಶಾಯಿ. ಕೇಂದ್ರದಲ್ಲಿ ಹಸಿರು, ಕೆಂಪು ಶಾಯಿ ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರಿಗೆ ಮಾತ್ರ. ಸರ್ಕಾರಿ ಕಡತಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಆಫೀಸ್‌ನಲ್ಲಂತೂ ಕಡತದ ಓಡಾಟವೆಲ್ಲ ದಾಖಲಾಗುತ್ತದೆ. ಇಲಾಖೆಯ ಪ್ರತಿಕ್ರಿಯೆ ಕೇಳುವಾಗ ಪ್ರಶ್ನೆ ಕಳಿಸಿ, ಪ್ರತಿ ಕಳಿಸಬೇಡಿ. ವಾಕ್ಯವನ್ನು ಪದಶಃ ಉಲ್ಲೇಖಿಸಿದರೂ ಯಾವ ಕರಡು ಎಂಬುದು ಗೊತ್ತಾಗಬಹುದು.

ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಅಕ್ಷರ ಅಳಿಯುವುದಿಲ್ಲ. 2019ರಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ಕಡತದಲ್ಲಿ ಕಪ್ಪು ಪಟ್ಟಿಯ ಕೆಳಗಿನದನ್ನು ಯಾರು ಬೇಕಾದರೂ ಕಾಪಿ-ಪೇಸ್ಟ್ ಮಾಡಬಹುದಿತ್ತು. ಫೋಟೊದೊಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆಯಿರಿ. ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಅದು ಹಾಗೇ ಉಳಿಯುತ್ತದೆ.

ಫೋನ್ ಕರೆ ಬೇಡ. ಮಾತು ಯಾರೂ ಕೇಳಬೇಕಿಲ್ಲ, ಯಾರು ಯಾರಿಗೆ ಯಾವಾಗ ಎಂಬುದೇ ಸಾಕು. 2021ರ ಡಿಸೆಂಬರಿನ ನಿಯಮದಂತೆ ಟೆಲಿಕಾಂ ಕಂಪನಿಗಳು ಕರೆ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕು. ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್ ಬಳಸಿ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ನಂಬರ್ ಯಾರಿಗೂ ಕಾಣದಂತೆ, ಯಾರೂ ಹುಡುಕಲಾಗದಂತೆ ಮಾಡಿ, ಯೂಸರ್‌ನೇಮ್ ಮಾತ್ರ ಕೊಡಿ. ಸಂದೇಶ ಮಾಯವಾಗುವ ಅವಧಿ ಒಂದು ದಿನ ಸಾಕು. ಮೊದಲ ಮಾತಿಗೂ ಮುಂಚೆ ಹಾಕಿ, ಹಿಂದಿನ ಸಂದೇಶಕ್ಕೆ ಅದು ಅನ್ವಯಿಸುವುದಿಲ್ಲ. ಭೇಟಿಗೆ ಹೋಗುವಾಗ ಫೋನನ್ನು ಮನೆಯಲ್ಲೇ ಆನ್ ಇಟ್ಟು ಹೋಗಿ. ಇಬ್ಬರ ಫೋನೂ ದಾರಿಯಲ್ಲಿ ಒಂದೇ ಹೊತ್ತಿಗೆ ಆಫ್ ಆದರೆ ಟವರ್ ದಾಖಲೆಯಲ್ಲಿ ಅದೇ ಎದ್ದು ಕಾಣುತ್ತದೆ.

ಕಾನೂನಿನ ರಕ್ಷಣೆ ಇದೆ ಎಂದು ಸೋರ್ಸ್‌ಗೆ ಭರವಸೆ ಕೊಡಬೇಡಿ. ಸೋರ್ಸ್ ಯಾರೆಂದು ಹೇಳುವಂತೆ ಒತ್ತಾಯಿಸುವಂತಿಲ್ಲ ಎನ್ನುವ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಸೆಕ್ಷನ್ 15(2) ಕೌನ್ಸಿಲ್ ಎದುರಿನ ವಿಚಾರಣೆಗಷ್ಟೇ, ಪೊಲೀಸ್ ನೋಟಿಸಿಗಲ್ಲ. ರಫೇಲ್ ಯುದ್ಧವಿಮಾನ ಖರೀದಿ ಪ್ರಕರಣದ 2019ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ದಿ ಹಿಂದೂ ಪ್ರಕಟಿಸಿದ ದಾಖಲೆಗಳನ್ನು ಪರಿಶೀಲಿಸಲು ಒಪ್ಪಿತು, ನಿಜ. ಆದರೆ ಸರ್ಕಾರಿ ರಹಸ್ಯ ಸೋರಿಕೆಯನ್ನು ಅಪರಾಧವೆನ್ನುವ ಅಧಿಕೃತ ರಹಸ್ಯ ಕಾಯ್ದೆ, 1923 ಇಂದಿಗೂ ಜಾರಿಯಲ್ಲಿದೆ.

'ಹಿರಿಯ ಅಧಿಕಾರಿ' ಎಂದು ಬರೆಯುವ ಮುನ್ನ ಆ ಶಾಖೆಯಲ್ಲಿ ಎಷ್ಟು ಹಿರಿಯರಿದ್ದಾರೆ ಎಂದು ಎಣಿಸಿ. ಮೂವರೇ ಆದರೆ ಪದ ಬದಲಿಸಿ, ಯಾವ ಪದ ಎಂಬುದನ್ನು ಸೋರ್ಸ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಸುದ್ದಿ ಬಂದ ದಿನ ಥ್ಯಾಂಕ್ಸ್ ಹೇಳಲೂ ಸಂದೇಶ ಕಳಿಸಬೇಡಿ.