ಬಾಲ್ ಮೇಲೆ ಪ್ಲೇಟ್ ಹಿಡಿದು ಕ್ರಂಚ್: ನಾನು ಮಾಡುವ ರೀತಿ

ಸ್ವಿಸ್ ಬಾಲ್ (ಗಾಳಿ ತುಂಬಿದ ದೊಡ್ಡ ವ್ಯಾಯಾಮದ ಚೆಂಡು) ಮೇಲೆ ಕ್ರಂಚ್, ಅಂದರೆ ಮಲಗಿ ಭುಜ ಎತ್ತುವ ಹೊಟ್ಟೆಯ ವ್ಯಾಯಾಮ, ಮಾಡುವಾಗ ಎದೆಗೆ ಜಿಮ್‌ನ ತೂಕದ ಪ್ಲೇಟ್ ಅವುಚಿಕೊಳ್ಳುವ ಅಭ್ಯಾಸ ನನಗೆ ಹಳೆಯದು. ಆದರೆ ತೂಕ 5 ಕೆಜಿ ದಾಟಿಲ್ಲ, ದಾಟಿಸುವ ಆಸೆಯೂ ಇಲ್ಲ. ಅಲುಗಾಡುವ ಜಾಗದಲ್ಲಿ ಬ್ಯಾಲೆನ್ಸ್ ಉಳಿಸಿಕೊಳ್ಳುವುದಕ್ಕೇ ಸುಮಾರು ಶಕ್ತಿ ಹೋಗುತ್ತದೆ. ಜಾಸ್ತಿ ಭಾರ ಎತ್ತಬೇಕಾ? ಅದಕ್ಕೆ ನೆಲವೇ ಸರಿ.

ಮೊದಲು ಬಾಲ್ ನೋಡಿಕೊಳ್ಳಿ. ಕೂತಾಗ ಮಂಡಿ, ಸೊಂಟ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರಬೇಕು. ನನಗೆ 65 ಸೆಂ.ಮೀ.ನದು ಸರಿಹೋಗುತ್ತದೆ. ಆ್ಯಂಟಿ-ಬರ್ಸ್ಟ್ ಬಾಲ್ ತೂತಾದರೆ ಢಬ್ ಎನ್ನದೆ ನಿಧಾನಕ್ಕೆ ಗಾಳಿ ಬಿಡಬೇಕು, ಅದನ್ನೇ ಕೊಳ್ಳಿ. ಹಾಗಂತ ಯಾವ ಬಾಲನ್ನೂ ಕಣ್ಮುಚ್ಚಿ ನಂಬಬೇಡಿ. 2009ರಲ್ಲಿ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಆಟಗಾರ ಫ್ರಾನ್ಸಿಸ್ಕೊ ಗಾರ್ಸಿಯಾ ತೂಕ ಎತ್ತುತ್ತಿದ್ದಾಗ ಕೆಳಗಿದ್ದ ಬಾಲ್ ಒಡೆದು ಮುಂಗೈ ಮೂಳೆ ಮುರಿದಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಒರೆಸುವಾಗಲೇ ಬೆರಳಾಡಿಸಿ ನೋಡುತ್ತೇನೆ. ಗೀರು ಸಿಕ್ಕಿತಾ, ಪಂಚರ್ ಹಾಕಿಸುವ ಜುಗ್ಗತನ ಬೇಡ. ಹೊಸದು ತನ್ನಿ.

ನಿಜವಾದ ಕಷ್ಟ ಇರುವುದು ಹತ್ತುವುದು, ಇಳಿಯುವುದರಲ್ಲಿ. ನಮ್ಮನೆ ಟೈಲ್ಸ್ ಜಾರುತ್ತದೆ, ಹಾಗಾಗಿ ರಬ್ಬರ್ ಮ್ಯಾಟ್ ಹಾಸಿ, ಸಾಕ್ಸ್ ಬಿಚ್ಚುತ್ತೇನೆ. ಪ್ಲೇಟನ್ನು ತೊಡೆ ಮೇಲಿಟ್ಟುಕೊಂಡು ಬಾಲ್ ಮೇಲೆ ಕೂರುತ್ತೇನೆ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಮುಂದಿಡುತ್ತಾ ಬೆನ್ನನ್ನು ಒರಗಿಸುತ್ತೇನೆ. ಸೊಂಟದ ಬಾಗು ಬಾಲಿನ ನೆತ್ತಿಗೆ ಕೂತ ತಕ್ಷಣ ನಿಲ್ಲುತ್ತೇನೆ. ಪಾದಗಳು ಭುಜಕ್ಕಿಂತ ತುಸು ಅಗಲ. ಹತ್ತಿರ ತಂದಷ್ಟೂ ಬಾಲ್ ಪಕ್ಕಕ್ಕೆ ಓಡುತ್ತದೆ.

ಉಸಿರು ಬಿಡುತ್ತಾ ಪಕ್ಕೆಲುಬನ್ನು ಸೊಂಟದ ಕಡೆ ಎಳೆಯಿರಿ. ಪೂರ್ತಿ ಎದ್ದು ಕೂರಬೇಕಿಲ್ಲ. ವಾಪಸ್ ಬರುವಾಗ ಇನ್ನೂ ನಿಧಾನ. ತಲೆ ಹಿಂದಕ್ಕೆ ಜೋತು ಬೀಳಬಾರದು.

ಪ್ಲೇಟನ್ನು ಎದೆಯಿಂದ ದೂರ, ತಲೆಯ ಕಡೆ ಸರಿಸಿದರೆ ಅಷ್ಟೇ ತೂಕ ತುಂಬಾ ಭಾರ ಅನಿಸುತ್ತದೆ. ತೂಕ ಏರಿಸದೆ ಕಷ್ಟ ಏರಿಸಲು ಇದು ಒಳ್ಳೆಯ ದಾರಿ. ಆದರೆ ಬೆವರಿದ ಕೈ, ಕೆಳಗೆ ನಮ್ಮದೇ ಮುಖ! ಅದಕ್ಕೆ 2.5 ಕೆಜಿ ಸಾಕು.

ಬಾಲ್ ಪಕ್ಕಕ್ಕೆ ಅಲ್ಲಾಡಲು ಶುರುವಾದರೆ ಸೆಟ್ ಮುಗಿಯಿತು ಅಂತಲೇ ಲೆಕ್ಕ, ಎಣಿಕೆ ಎಷ್ಟಾದರೂ ಇರಲಿ. ಸೊಂಟ ಇಳಿಸಿ, ಬಾಲಿಗೆ ಬೆನ್ನು ಕೊಟ್ಟು ನೆಲಕ್ಕೆ ಜಾರಿ ಕೂತು, ಆಮೇಲೆ ಪ್ಲೇಟ್ ಪಕ್ಕಕ್ಕಿಡುತ್ತೇನೆ. ಬಾಲ್ ಮೇಲೆ ನಿಂತು ಡಂಬೆಲ್ ಎತ್ತುವ ವಿಡಿಯೋಗಳು ಬರುತ್ತವೆ ಅಲ್ವಾ? ಸುಮ್ನೆ ನೋಡಿ ಬಿಟ್ಟುಬಿಡಿ. ಇನ್ನು ಡಿಸ್ಕ್ ತೊಂದರೆ ಇರುವವರು ಇದನ್ನು ಶುರು ಮಾಡುವ ಮುಂಚೆ ಫಿಸಿಯೋ ಹತ್ತಿರ ಒಮ್ಮೆ ಕೇಳಿಕೊಳ್ಳಿ.