ಪ್ರವಾಸದಲ್ಲಿರುವ ಸ್ವತಂತ್ರ ಬ್ಯಾಂಡಿನ ಸಾಕ್ಷ್ಯಚಿತ್ರ ತೆಗೆಯುವ ಬಗೆ

ಪ್ರವಾಸ ಹೊರಟ ಬ್ಯಾಂಡೊಂದು ದಿನಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ ವೇದಿಕೆಯ ಮೇಲಿರುತ್ತದೆ. ಉಳಿದ ಹೊತ್ತೆಲ್ಲ ವ್ಯಾನಿನಲ್ಲಿ, ಸಾಮಾನು ಹೊರುವುದರಲ್ಲಿ, ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆಯಾದ ಸೌಂಡ್ ಚೆಕ್‌ಗಾಗಿ ಕಾಯುವುದರಲ್ಲಿ ಕಳೆದುಹೋಗುತ್ತದೆ. ಹೊಸಬರು ಸಾಮಾನ್ಯವಾಗಿ ಆ ಒಂದೂವರೆ ಗಂಟೆಗೇ ಕ್ಯಾಮೆರಾವನ್ನು ಮೀಸಲಿಡುತ್ತಾರೆ. ಇಪ್ಪತ್ತು ಕಾರ್ಯಕ್ರಮಗಳ ದೃಶ್ಯ ಕೈಯಲ್ಲಿದ್ದರೂ ಅದರಿಂದ ಒಂದು ಚಿತ್ರ ಆಗುವುದಿಲ್ಲವೆಂಬುದು ಅವರಿಗೆ ಗೊತ್ತಾಗುವುದು ಸಂಕಲನಕ್ಕೆ ಕುಳಿತ ಮೇಲೆ. ಸ್ವತಂತ್ರ ಬ್ಯಾಂಡಿನಲ್ಲಿ ಹಾಡುವವರೇ ವ್ಯಾನು ಓಡಿಸುತ್ತಾರೆ, ಅವರೇ ಟೀ ಶರ್ಟು ಮಾರುತ್ತಾರೆ, ರಾತ್ರಿ ಕುಳಿತು ದುಡ್ಡು ಎಣಿಸುವವರೂ ಅವರೇ. ನಿಮ್ಮ ಚಿತ್ರದ ವಸ್ತು ಅಲ್ಲಿದೆ.

ಹೊರಡುವ ಮೊದಲೇ ಬ್ಯಾಂಡಿನ ಎಲ್ಲ ಸದಸ್ಯರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಕ್ಯಾಮೆರಾ ಎಲ್ಲಿಗೆ ಬರಬಾರದು, ಸಂಕಲನದ ಕೊನೆಯ ಮಾತು ಯಾರದು, ಪ್ರವಾಸದ ನಡುವೆ ಒಬ್ಬರು ತಂಡ ಬಿಟ್ಟರೆ ಅವರ ದೃಶ್ಯಗಳ ಗತಿಯೇನು ಎಂಬುದೆಲ್ಲ ಅದರಲ್ಲಿರಲಿ. ಹಾಡಿನ ಹಕ್ಕು ಎರಡು ಬಗೆಯದು: ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಬ್ಯಾಂಡು ತನ್ನದೇ ಹಾಡು ಹಾಡಿದರೂ ಅದನ್ನು ಬರೆದವರಲ್ಲಿ ಈಗ ತಂಡದಲ್ಲಿಲ್ಲದ ಹಳೆಯ ಸದಸ್ಯರೊಬ್ಬರು ಇರಬಹುದು. ಬೇರೆಯವರ ಹಾಡನ್ನು ವೇದಿಕೆಯಲ್ಲಿ ಹಾಡಿದ್ದನ್ನು ಚಿತ್ರದಲ್ಲಿ ಬಳಸಲು ಅದರ ಹಕ್ಕುದಾರರ ಅನುಮತಿ ಬೇಕು. ಕಾರ್ಯಕ್ರಮದ ಬಿಡುವಿನಲ್ಲಿ ಸಭಾಂಗಣದವರು ಹಾಕುವ ಹಾಡು ಮಾತಿನ ಹಿಂದೆ ಸೇರಿಕೊಂಡರೆ ಒಳ್ಳೆಯ ದೃಶ್ಯವನ್ನೇ ಕೈಬಿಡಬೇಕಾದೀತು, ಆದ್ದರಿಂದ ಮುಖ್ಯವಾದ ಮಾತುಕತೆಯನ್ನು ಹೊರಗೆ ಬಂದು ಚಿತ್ರೀಕರಿಸುವುದು ಕ್ಷೇಮ.

ರೂಢಿಗೆ ಒಗ್ಗದ ಬ್ಯಾಂಡನ್ನು ತೋರಿಸುವಾಗ ದೊಡ್ಡ ಅಪಾಯವೆಂದರೆ ಅದರ ವೈಚಿತ್ರ್ಯವನ್ನು ಅವರ ಬಾಯಿಂದಲೇ ಹೇಳಿಸುವುದು. ನಾನು ಹಿಂಬಾಲಿಸಿದ ತಂಡದಲ್ಲಿ ಒಬ್ಬರು ತಗಡಿನ ಹಾಳೆಗೆ ಸ್ಪ್ರಿಂಗುಗಳನ್ನು ಬಿಗಿದು, ಅದರ ಬೆನ್ನಿಗೆ ವಸ್ತುವಿನ ಕಂಪನವನ್ನೇ ಹಿಡಿಯುವ ಕಾಂಟ್ಯಾಕ್ಟ್ ಮೈಕು ಅಂಟಿಸಿ ನುಡಿಸುತ್ತಿದ್ದರು. ಇಂಥ ವಾದ್ಯವೇಕೆ ಎಂದು ಕೇಳಿದ್ದಕ್ಕೆ, ನೂರಾರು ಸಲ ಹೇಳಿ ನುಣುಪಾಗಿದ್ದ ಉತ್ತರವೊಂದನ್ನು ನನಗೂ ಕೊಟ್ಟರು. ಎಂಟನೆಯ ದಿನ ಸೌಂಡ್ ಚೆಕ್‌ಗೆ ಸ್ವಲ್ಪ ಮೊದಲು ಮೈಕಿನ ಟೇಪು ಕಿತ್ತುಬಂತು. ಅವರು ಹೊಸ ಟೇಪನ್ನು ಹಲ್ಲಿನಲ್ಲಿ ಹರಿದು ಅಂಟಿಸಿ, ತಗಡಿಗೆ ಕಿವಿಯೊಡ್ಡಿ, ಬೆರಳಗೆಣ್ಣಿನಿಂದ ಬೇರೆ ಬೇರೆ ಕಡೆ ತಟ್ಟುತ್ತ, ಮೂರು ಸಲ ಕಿತ್ತು ಮೂರು ಸಲ ಅಂಟಿಸಿದರು. ಸಂದರ್ಶನದ ಒಂದು ಮಾತೂ ಚಿತ್ರದಲ್ಲಿ ಉಳಿಯಲಿಲ್ಲ. ಈ ನಾಲ್ಕು ನಿಮಿಷ ಮಾತ್ರ ಪೂರ್ತಿಯಾಗಿ ಉಳಿಯಿತು. ಕೈಗಳು ಕೆಲಸದಲ್ಲಿದ್ದಾಗ ಹತ್ತಿರ ಹೋಗಿ, ಸುಮ್ಮನಿದ್ದು, ಕೆಲಸ ಮುಗಿಯುವ ತನಕ ಕ್ಯಾಮೆರಾ ನಿಲ್ಲಿಸದಿರುವುದನ್ನು ರೂಢಿಸಿಕೊಳ್ಳಿ.

ಚಿತ್ರ ಕೊಂಚ ಮಸುಕಾದರೆ ನೋಡುಗರು ಸಹಿಸುತ್ತಾರೆ, ಒಡೆದ ಧ್ವನಿಯನ್ನು ಸಹಿಸುವುದಿಲ್ಲ. ಕ್ಯಾಮೆರಾದ ಮೈಕನ್ನು ನೆಚ್ಚದೆ, ಪ್ರತ್ಯೇಕ ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳಬೇಕು. ವೇದಿಕೆಯ ಮೈಕುಗಳ ಧ್ವನಿಯನ್ನೆಲ್ಲ ಬೆರೆಸುವ ಮಿಕ್ಸರಿನಿಂದ ನೇರ ಸಂಪರ್ಕ ಸಿಕ್ಕಿದೆಯೆಂದು ನಿಶ್ಚಿಂತರಾಗಬಾರದು. ಸಣ್ಣ ಸಭಾಂಗಣದಲ್ಲಿ ಡ್ರಮ್ಮು ಮತ್ತು ಗಿಟಾರ್ ಆಂಪ್ಲಿಫೈಯರುಗಳ ಸದ್ದು ತಾನಾಗಿಯೇ ಕೋಣೆಯನ್ನು ತುಂಬುವುದರಿಂದ, ಧ್ವನಿ ತಂತ್ರಜ್ಞರು ಸಾಮಾನ್ಯವಾಗಿ ಅವನ್ನು ಮಿಕ್ಸರಿನಲ್ಲಿ ಹೆಚ್ಚು ಏರಿಸುವುದಿಲ್ಲ. ಹೀಗಾಗಿ ನಿಮಗೆ ಬರುವ ಧ್ವನಿಯಲ್ಲಿ ಗಾಯಕರೊಬ್ಬರೇ ಖಾಲಿ ಕೋಣೆಯಲ್ಲಿ ಹಾಡಿದಂತಿರುತ್ತದೆ. ಕೋಣೆಯ ಸದ್ದಿಗೆಂದು ಇನ್ನೊಂದು ಜೋಡಿ ಮೈಕುಗಳನ್ನಿಟ್ಟು ಸಂಕಲನದಲ್ಲಿ ಎರಡನ್ನೂ ಬೆರೆಸಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ವೇದಿಕೆಯಿಂದ 17 ಮೀಟರ್ ದೂರದ ಮೈಕಿಗೆ ಅದು ಸುಮಾರು 50 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಇದು ಒಂದು ಫ್ರೇಮಿಗಿಂತ ಹೆಚ್ಚು, ಆದ್ದರಿಂದ ಎರಡೂ ಟ್ರ್ಯಾಕುಗಳನ್ನು ಸರಿಹೊಂದಿಸದಿದ್ದರೆ ಡ್ರಮ್ಮಿನ ಪ್ರತಿ ಏಟೂ ಎರಡೆರಡು ಸಲ ಕೇಳಿಸುತ್ತದೆ. ಇನ್ನೊಂದು ಎಚ್ಚರಿಕೆ ನಾನೇ ಪೆಟ್ಟು ತಿಂದು ಕಲಿತದ್ದು: ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಬಹಳ ಬಲವಾದ, ಸಂಕೇತ. ಒಂದು ರಾತ್ರಿ ನನ್ನ ರೆಕಾರ್ಡರು ಮೈಕ್ ಮಟ್ಟದಲ್ಲೇ ಉಳಿದಿತ್ತು. ಇಡೀ ಕಾರ್ಯಕ್ರಮ ಚಚ್ಚಿಹೋದ ತಗಡಿನಂತೆ ಮುದ್ರಿತವಾಯಿತು. ಪರದೆಯ ಮೇಲಿನ ಮಟ್ಟ ಇಳಿಸಿದ್ದರಿಂದ ಎಲ್ಲ ಸರಿಯಿದೆಯೆಂದೇ ಭಾವಿಸಿದ್ದೆ. ಸೌಂಡ್ ಚೆಕ್‌ನ ಒಂದು ನಿಮಿಷವನ್ನು ಮುದ್ರಿಸಿ ಹೆಡ್‌ಫೋನಿನಲ್ಲಿ ಮರಳಿ ಕೇಳಿದ್ದರೆ ಇದು ತಪ್ಪುತ್ತಿತ್ತು.

ವೇದಿಕೆಯ ಎಲ್‌ಇಡಿ ದೀಪಗಳು ಕ್ಯಾಮೆರಾದಲ್ಲಿ ಮಿನುಗುತ್ತವೆಯೇ ಎಂಬುದನ್ನೂ ಸೌಂಡ್ ಚೆಕ್ ಹೊತ್ತಿನಲ್ಲೇ ನೋಡಿಕೊಳ್ಳಬೇಕು. ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ಶಟರ್ ವೇಗ 1/50 ಸೆಕೆಂಡು, 60 ಹರ್ಟ್ಸ್ ಇರುವ ಕಡೆ 1/60 ಸೆಕೆಂಡು ಇದ್ದರೆ ಎಷ್ಟೋ ಸಲ ತೊಂದರೆ ತಪ್ಪುತ್ತದೆ, ಎಲ್ಲ ಸಲವೂ ಅಲ್ಲ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಎಷ್ಟು ಬೆಳಕು ಒಳಗೆ ಬಿಟ್ಟುಕೊಳ್ಳಬೇಕೆಂಬುದನ್ನು, ಕ್ಯಾಮೆರಾಕ್ಕೇ ಬಿಡದೆ ಮುಖದ ಬೆಳಕಿಗೆ ಕೈಯಿಂದಲೇ ಹೊಂದಿಸಿ. ಕಿವಿಗೆ ರಕ್ಷಣೆ ಇಲ್ಲದೆ ಸ್ಪೀಕರುಗಳ ಮುಂದೆ ನಿಲ್ಲಬೇಡಿ. 100 ಡೆಸಿಬಲ್ ಸದ್ದಿನಲ್ಲಿ ಸುರಕ್ಷಿತ ಅವಧಿ 15 ನಿಮಿಷವೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕ.

ವ್ಯಾನಿನೊಳಗೆ ದೊಡ್ಡ ಕ್ಯಾಮೆರಾ ಯಾರಿಗೂ ಬೇಡ. 1965ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಡಿ. ಎ. ಪೆನ್ನೆಬೇಕರ್ ಅವರು ಗಾಯಕ ಬಾಬ್ ಡಿಲನ್ ಅವರ ಇಂಗ್ಲೆಂಡ್ ಪ್ರವಾಸವನ್ನು ಚಿತ್ರಿಸುವಾಗ ಹೋಟೆಲ್ ಕೋಣೆಗೂ ಕಾರಿಗೂ ಹೋಗಲು ಸಾಧ್ಯವಾದದ್ದು ಹೆಗಲ ಮೇಲೆ ಕೂರುವ 16 ಎಂಎಂ ಕ್ಯಾಮೆರಾದಿಂದ. ಇಂದು ನಿಮ್ಮಲ್ಲಿರುವುದು ಅದಕ್ಕಿಂತ ಹಗುರವಾದದ್ದು, ಆದರೆ ಮೊದಲ ಎರಡು ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರಿ, ಸಾಮಾನು ಹೊರಲು ಕೈಜೋಡಿಸಿ. ಎಂಜಿನ್ನಿನ ಸದ್ದಿನ ನಡುವೆ ಮಾತು ಹಿಡಿಯಲು ಕಾಲರ್ ಮೈಕುಗಳೇ ಬೇಕು, ಆದರೆ ಅವು ಚಾಲನೆಯಲ್ಲಿವೆಯೆಂಬುದನ್ನು ಧರಿಸಿದವರು ಮರೆತಿರುವ ಹೊತ್ತನ್ನು ದುರುಪಯೋಗಪಡಿಸಿಕೊಳ್ಳಬಾರದು.

ಸೆಕೆಂಡಿಗೆ 100 ಮೆಗಾಬಿಟ್ ದರದ ದೃಶ್ಯ ಗಂಟೆಗೆ 45 ಗಿಗಾಬೈಟ್ ಜಾಗ ತಿನ್ನುತ್ತದೆ. ಪ್ರತಿ ರಾತ್ರಿ ಎರಡು ಡ್ರೈವ್‌ಗಳಿಗೆ ಪ್ರತಿ ಮಾಡಿ, ಎರಡನ್ನೂ ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಅಳಿಸಬೇಕು. ವ್ಯಾನಿನ ಕಳವು ಅಪರೂಪವೇನಲ್ಲ, ಆದ್ದರಿಂದ ಒಂದು ಡ್ರೈವ್ ಸದಾ ನಿಮ್ಮ ಮೈಮೇಲಿನ ಚೀಲದಲ್ಲಿರಲಿ. ಎಷ್ಟೇ ನಿದ್ದೆ ಬಂದಿದ್ದರೂ ಆ ದಿನ ಕಂಡ ಮುಖ್ಯ ಸಂಗತಿಗಳನ್ನು ಸಮಯದೊಂದಿಗೆ ಅರ್ಧ ಪುಟ ಬರೆದಿಟ್ಟರೆ ಸಂಕಲನದ ವಾರಗಳು ಉಳಿಯುತ್ತವೆ.

ಸಂಕಲನದಲ್ಲಿ ಊರುಗಳ ಸರದಿಯನ್ನು ಅನುಸರಿಸಿದರೆ ಚಿತ್ರ ದಿನಚರಿಯಾಗುತ್ತದೆ. ಪ್ರವಾಸದುದ್ದಕ್ಕೂ ಬದಲಾದ ಒಂದನ್ನು ಹುಡುಕಿ ಅದರ ಸುತ್ತ ಕಟ್ಟುವುದು ಮೇಲು. ಪ್ರತಿ ರಾತ್ರಿ ನುಡಿಸಿದ ಒಂದೇ ಹಾಡನ್ನು ಮೊದಲ ದಿನ, ನಡುವಿನ ಒಂದು ದಿನ ಮತ್ತು ಕೊನೆಯ ದಿನ ನೋಡಿದರೆ ದಣಿವು, ಜಗಳ, ಪಳಗಿದ ಕೈ ಮೂರೂ ಮಾತಿಲ್ಲದೆ ಕಾಣುತ್ತವೆ. ಕರಡು ಸಿದ್ಧವಾದಾಗ ಬ್ಯಾಂಡಿನವರನ್ನು ಒಟ್ಟಿಗೆ ಕೂರಿಸಿ ತೋರಿಸಿ. ತಪ್ಪು ಮಾಹಿತಿಯನ್ನೂ ಖಾಸಗಿ ಸಂಗತಿಯನ್ನೂ ಕುರಿತ ಆಕ್ಷೇಪಗಳನ್ನು ಒಪ್ಪಿಕೊಳ್ಳಿ; ‘ಇದರಲ್ಲಿ ನಾನು ಚೆನ್ನಾಗಿ ಕಾಣುತ್ತಿಲ್ಲ’ ಎಂಬ ಆಕ್ಷೇಪ ಬಂದರೆ ಒಂದು ವಾರ ಬಿಟ್ಟು ಆ ದೃಶ್ಯವನ್ನು ಅವರೊಂದಿಗೆ ಮತ್ತೊಮ್ಮೆ ನೋಡಿ, ಒಪ್ಪಂದದ ಪ್ರಕಾರ ತೀರ್ಮಾನಿಸಿ.